ಸೀಮೆ ದಾಟಿದ ಚರಗ

ತುಮ್ಮಿನಾಳಕ್ಕೂ ಅರಳಗುಡ್ಡಕ್ಕೂ ನಡುವೆ ಒಂದು ಹಳ್ಳ, ಹಳ್ಳದ ದಂಡೆಯ ಮೇಲೆ ಒಂದು ಕಲ್ಲು. ಎರಡೂ ಊರಿನವರು ಅದನ್ನು ಸೀಮಿಕಲ್ಲು ಅನ್ನುತ್ತಾರೆ. ಆ ಕಲ್ಲಿನ ಹತ್ತಿರ ನೆತ್ತರು ಬೀಳದ ವರ್ಷ ನನಗೆ ನೆನಪಿಲ್ಲ. ಕೆಲವು ವರ್ಷ ಕುರಿಯದು, ಕೆಲವು ವರ್ಷ ಮನುಷ್ಯರದು. ಇದನ್ನು ಹೆಮ್ಮೆಯಿಂದ ಹೇಳುವವರು ಈಗಲೂ ನಮ್ಮೂರಲ್ಲಿದ್ದಾರೆ. ಅವರ ಬಾಯಿಗೆ ಮಣ್ಣು ಹಾಕ.

ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಕಳೆದ ಮೇಲಿನ ಮಂಗಳವಾರ ನಮ್ಮ ತುಮ್ಮಿನಾಳದ ದುರುಗಮ್ಮನಿಗೆ ಕುರಿ ಕಡಿಯುತ್ತಾರೆ. ಬೇಯಿಸಿದ ಜೋಳಕ್ಕೆ ಅದರ ನೆತ್ತರು, ಅರಿಷಿಣ, ಬೇವಿನೆಲೆ ಕಲಸಿ ಬುಟ್ಟಿ ತುಂಬುತ್ತಾರೆ. ಅದೇ ಚರಗ. ಬುಟ್ಟಿ ಹೊತ್ತವನು ‘ಹುಲಿಗ್ಯೋ, ಹುಲಿಗ್ಯೋ’ ಎಂದು ಕೂಗುತ್ತ, ಓಡುತ್ತ, ಊರಿನ ಸೀಮೆಯ ಗುಂಟ ಅದನ್ನು ಚೆಲ್ಲಬೇಕು. ಅವನು ನಿಲ್ಲಬಾರದು, ಹಿಂದೆ ನೋಡಬಾರದು, ಬುಟ್ಟಿ ಕೆಳಗಿಡಬಾರದು. ಇದೇ ಸೀಮೆ ಕಟ್ಟುವುದು; ಚರಗ ಸುತ್ತಿದಷ್ಟು ನೆಲ ದುರುಗಮ್ಮನ ಕಾವಲಿನದು. ಒಂದು ಹಿಡಿಯನ್ನು ಪಕ್ಕದ ಊರಿನವರು ಕದ್ದೊಯ್ದರೆ ನಮ್ಮ ಬೆಳೆ ಅವರ ಕಣಕ್ಕೆ ಹೋಯಿತೆಂದು ಲೆಕ್ಕ. ಒಂದು ಹಿಡಿ ಅವರ ನೆಲದಲ್ಲಿ ಬಿದ್ದರೆ ಆ ನೆಲ ನಮ್ಮ ದೇವಿಯದಾಯಿತೆಂದು ಲೆಕ್ಕ. ಅದಕ್ಕಾಗಿ ಅರಳಗುಡ್ಡದ ಗಂಡಸರು ಅವತ್ತು ಕೊಡಲಿ ಹಿಡಿದು ಕಲ್ಲಿನ ಆಚೆ ನಿಲ್ಲುತ್ತಿದ್ದರು. ನಮ್ಮವರು ಕೊಡಲಿ ಹಿಡಿದು ಬುಟ್ಟಿಯ ಹಿಂದೆ ಓಡುತ್ತಿದ್ದರು. ಹೆಂಗಸರು ಕದ ಹಾಕಿಕೊಂಡು ಒಳಗಿರಬೇಕು. ಸುತ್ತಿ ಬಂದ ಮೇಲೆ ಬುಟ್ಟಿಯ ತಳದಲ್ಲಿ ಉಳಿದದ್ದನ್ನು ಮನೆಗೊಬ್ಬರಂತೆ ಒಂದೊಂದು ಚೂರು ಬಾಯಿಗೆ ಹಾಕಿಕೊಳ್ಳುತ್ತಿದ್ದೆವು. ಆ ಸೀಮೆಯವನಲ್ಲದವನು ಅದನ್ನು ತಿಂದರೆ ನೆತ್ತರು ಕಾರಿ ಸಾಯುತ್ತಾನೆ ಎಂಬುದು ಹಾಲು ಕುಡಿಯುವ ಕೂಸಿಗೂ ಗೊತ್ತಿದ್ದ ಮಾತು.

ಎಮರ್ಜೆನ್ಸಿ ಇದ್ದ ವರ್ಷ ಗಾಳಿಗೆ ಒಂದಿಷ್ಟು ಚರಗ ಕಲ್ಲಿನ ಆಚೆ ಹಾರಿಬಿತ್ತು. ಅಷ್ಟಕ್ಕೇ ನಮ್ಮ ಕಡೆಯ ಮಾರೆಪ್ಪನ ಬಲಗೈ ಬೆರಳು ಹೋದವು. ಇಡೀ ದೇಶ ಪೊಲೀಸರಿಗೆ ಹೆದರಿ ಕೂತಿದ್ದಾಗಲೂ ನಾವು ಹೆದರಲಿಲ್ಲ ಎಂದು ಮಾರೆಪ್ಪ ಬೆರಳಿಲ್ಲದ ಕೈ ಎತ್ತಿ ತೋರಿಸುತ್ತಿದ್ದ.

ಬುಟ್ಟಿ ಹೊರುವ ಮನೆತನ ಗದ್ದೆಪ್ಪನದು. ಕುರಿ ಕಾಯುವವನು, ಬಡಕಲು ಮೈಯವನು, ಮಾತು ಕಡಿಮೆ. ವರ್ಷದ ಅರ್ಧ ಕಾಲ ದೇವದುರ್ಗದ ಕಡೆಯ ಬಯಲಿನಲ್ಲಿ ಹಿಂಡು ತಿರುಗಿಸುತ್ತಿದ್ದ. ಎಲ್ಲಿದ್ದರೂ ಎಳ್ಳಮಾಸಿಗೆ ಊರಿಗೆ ಬರುತ್ತಿದ್ದ. ದೇವಿಯ ಕೆಲಸವೆಂದರೆ ಅವನಿಗೆ ಹುಡುಗಾಟವಲ್ಲ. ಉಪವಾಸ ಇದ್ದು, ಹೊಸ ಕಂಬಳಿ ಹೊದ್ದು, ನಡುಗುತ್ತ ಬುಟ್ಟಿಗೆ ತಲೆ ಕೊಡುತ್ತಿದ್ದ.

ಅವನ ಹೆಂಡತಿ ಬಂಡೆಮ್ಮ ಅರಳಗುಡ್ಡದ ಮಗಳು. ಅವಳ ಬೆನ್ನಿಗೆ ಬಿದ್ದ ತಮ್ಮ ಕನಕರಾಯ ಅರಳಗುಡ್ಡದ ಕಾವಲಿನವರಲ್ಲಿ ಮುಂದಿನವನು. ಹೀಗೆ ವರ್ಷಕ್ಕೊಮ್ಮೆ ಗಂಡ ಕಲ್ಲಿನ ಈಚೆ, ತಮ್ಮ ಕಲ್ಲಿನ ಆಚೆ. ಆ ಬೆಳಿಗ್ಗೆ ಬಂಡೆಮ್ಮ ಒಲೆ ಹಚ್ಚುತ್ತಿರಲಿಲ್ಲ. ಕದದ ಹಿಂದೆ ಕೂತು, ಹುಲಿಗ್ಯೋ ಎಂಬ ಕೂಗು ಕಲ್ಲಿನ ಹತ್ತಿರದಿಂದ ಹೊಲದ ಕಡೆ ತಿರುಗಿತೆಂದು ಕಿವಿಗೆ ಖಾತ್ರಿಯಾದ ಮೇಲೆ ಎದ್ದು ಮುಖ ತೊಳೆಯುತ್ತಿದ್ದಳು. ಮರುದಿನ ಅದೇ ಕನಕರಾಯ ಕಡಲೆಗಿಡದ ಕಟ್ಟು ಹೊತ್ತು ಅಕ್ಕನ ಮನೆಗೆ ಬರುತ್ತಿದ್ದ. ಅಕ್ಕನ ಗಂಡನನ್ನು ಅವನು ಮಾವ ಎಂದೇ ಕರೆಯುತ್ತಿದ್ದ. ಭಾವ ಭಾಮೈದ ಒಂದೇ ಗಂಗಾಳದಲ್ಲಿ ರೊಟ್ಟಿ ಮುರಿಯುತ್ತಿದ್ದರು. ಅಕ್ಕರೆಗೇನೂ ಕಡಿಮೆ ಇರಲಿಲ್ಲ. ಆ ಒಂದು ಬೆಳಗು ಮಾತ್ರ ಅವರು ಬೇರೆ ಮನುಷ್ಯರು.

ಎಂಬತ್ತಾರರಲ್ಲಿ ಮಂಡಲ ಪಂಚಾಯ್ತಿ ಬಂತು. ಅಷ್ಟೂ ದಿನ ನಮಗೆ ಗೊತ್ತಿದ್ದದ್ದು ಮಾನ್ವಿಯ ತಾಲೂಕು ಬೋರ್ಡು. ಅದು ಹಳ್ಳದವರೆಗೆ ರಸ್ತೆ ಹಾಕಿ, ಹಳ್ಳ ನೋಡಿ, ಅಲ್ಲೇ ನಿಲ್ಲಿಸಿತ್ತು. ಒಂದು ಕೈಬೋರಿಂಗು ಹಾಕಿತ್ತು. ಅದರ ಹಿಡಿಕೆ ಜಗ್ಗಿದರೆ ಗಾಳಿ ಬರುತ್ತಿತ್ತು. ಈಗ ತುಮ್ಮಿನಾಳ, ಅರಳಗುಡ್ಡ, ಸುತ್ತಲಿನ ಸಣ್ಣ ಹಳ್ಳಿಗಳು ಕೂಡಿ ಒಂದು ಮಂಡಲವಂತೆ, ಅದಕ್ಕೊಬ್ಬ ಪ್ರಧಾನನಂತೆ, ಜನವರಿಯಲ್ಲಿ ಓಟಂತೆ.

ಪ್ರಧಾನನಾಗುವವನು ನಾನೇ ಎಂದು ನಮ್ಮೂರಿನ ಸಿದ್ದರಾಮಪ್ಪ ಹೊಸ ಧೋತರ ಉಟ್ಟು ತಿರುಗತೊಡಗಿದ. ಹಿಂದೆ ತಾಲೂಕು ಬೋರ್ಡಿನ ಮೆಂಬರಾಗಿದ್ದವನು. ಬೋರ್ಡು ಹೋದರೂ ಅವನ ಗತ್ತು ಹೋಗಿರಲಿಲ್ಲ. ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಜನ ಸೇರಿಸಿ, ಮಂಡಲವೆಂದರೆ ರಾಮರಾಜ್ಯವೆಂದು ಹೇಳಿದ.

ಮುದುಕಮ್ಮ ಎಂಬ ಹಣ್ಣು ಮುದುಕಿ ಎಲೆಅಡಿಕೆ ಉಗುಳಿ ಕೇಳಿದಳು: “ಅದೆಲ್ಲಾ ಇರಲಪಾ. ಬೋರಿಂಗಿನಾಗ ನೀರ ಬರ್ತದೇನು, ಅಷ್ಟ ಹೇಳು.”

“ಬರ್ತದವ್ವಾ, ಎಲ್ಲಾ ಬರ್ತದ. ಆಫೀಸ್ ನಮ್ಮೂರಾಗ ಆಗ್ತದ. ಮಂಡಲದ ಹೆಸರೂ ನಮ್ಮೂರಿಂದು.”

“ಹೆಸರ ಕುಡಿಯಾಕ ಬರ್ತದೇನಪಾ?” ಅಂದಳು ಮುದುಕಿ. ಜನ ನಕ್ಕರು. ನಕ್ಕವರೇ ಸಂಜೆ ಸಿದ್ದರಾಮಪ್ಪನ ಜೈಕಾರ ಹಾಕುತ್ತ ಓಣಿ ಓಣಿ ತಿರುಗಿದರು. ಮಂಡಲದಿಂದ ಏನಾಗುತ್ತದೆಂದು ಯಾರಿಗೂ ನಂಬಿಕೆ ಇರಲಿಲ್ಲ. ಅದು ನಮ್ಮೂರಿಗೆ ಬಂತು, ಅರಳಗುಡ್ಡಕ್ಕೆ ಹೋಗಲಿಲ್ಲ, ಅಷ್ಟು ಸಾಕಿತ್ತು.

ಹಳ್ಳದ ಆಚೆ ಅರಳಗುಡ್ಡದವರ ಹೊಟ್ಟೆಗೆ ಬೆಂಕಿ ಬಿತ್ತು. ಅಲ್ಲಿನ ಮುಂದಾಳು ಪರಮಣ್ಣ ಒಂದು ಲಾರಿಯ ತುಂಬ ಜನರನ್ನು ರಾಯಚೂರಿಗೆ ಒಯ್ದ. ದೊಡ್ಡ ಕಚೇರಿಯ ಮುಂದೆ ಬಿಸಿಲಲ್ಲಿ ನಿಂತು ಕೂಗಿದರು. ಸರ್ಕಾರದ ಹುಕುಂ ಆಗಿಹೋಗಿದೆ ಎಂದು ಯಾರೋ ಹೊರಬಂದು ಹೇಳಿದ. ಸ್ಟೇಷನ್ನಿನ ಹತ್ತಿರ ಚಹಾ ಕುಡಿದು ವಾಪಸು ಬಂದರು. ಮರುದಿನ ‘ತುಮ್ಮಿನಾಳ ಮಂಡಲ ಪಂಚಾಯ್ತಿ’ ಎಂಬ ಹೊಸ ಬೋರ್ಡಿಗೆ ಡಾಂಬರು ಬಳಿದಿತ್ತು. ಅದರ ಸೇಡಿಗೆ ಮಾನ್ವಿ ಸಂತೆಯಲ್ಲಿ ನಮ್ಮವರು ಅರಳಗುಡ್ಡದ ಇಬ್ಬರನ್ನು ಎತ್ತಿನಗಾಡಿಯ ಗೂಟದಿಂದ ಬಡಿದರು. ಒಬ್ಬನ ದವಡೆ ಮುರಿಯಿತು. ಅದರ ಸೇಡಿಗೆ ನಮ್ಮ ಮಾರೆಪ್ಪನ ಜೋಳದ ಸೊಪ್ಪೆಯ ಬಣವೆ ಉರಿದುಹೋಯಿತು. ಓಟಿಗೆ ಇನ್ನೂ ಒಂದು ತಿಂಗಳಿತ್ತು.

ಇಂಥದರಲ್ಲಿ ಹಳ್ಳದ ಎರಡೂ ದಂಡೆಯ ಓಣಿಗಳು ಕೂಡಿ ಒಂದು ಹೆಣ್ಣುಮಕ್ಕಳ ಸೀಟಾಯಿತು. ಸಿದ್ದರಾಮಪ್ಪ ಬಂಡೆಮ್ಮನ ಮನೆಗೆ ಬಂದು, ನೀನು ನಮ್ಮೂರ ಸೊಸೆ ನಿಲ್ಲು ಅಂದ. ಪರಮಣ್ಣ ಕನಕರಾಯನ ಕೈಯಲ್ಲಿ ಹೇಳಿಕಳಿಸಿ, ನೀನು ನಮ್ಮೂರ ಮಗಳು ನಿಲ್ಲು ಅಂದ. ಇಬ್ಬರೂ ಅವಳು ತಮ್ಮವಳೆಂದೇ ತಿಳಿದರು. ಹೀಗಾಗಿ ಅವಳ ಎದುರು ಯಾರನ್ನೂ ನಿಲ್ಲಿಸಲಿಲ್ಲ.

ಓದು ಬಾರದವಳು ಯಾಕೆ ಒಪ್ಪಿದೆ ಎಂದು ಕೇಳಿದವರಿಗೆ ಬಂಡೆಮ್ಮ ಹೇಳಿದ ಮಾತು ಒಂದೇ: “ಎರಡೂ ಊರಿನವರು ನನ್ನ ಮನಿ ಬಾಗಿಲಿಗೆ ಬಂದಾರ. ಕೊಡ್ಲಿ ಕೆಳಗಿಡ್ರಿ ಅಂತ ಹೇಳಾಕ ಇದಕಿಂತ ಒಳ್ಳೆ ಹೊತ್ತು ನನಗ ಸಿಗಾದಿಲ್ಲ. ನನಗ ಮತ್ತೇನೂ ಬ್ಯಾಡ. ಗಂಡನೂ ಇರಬೇಕು, ತಮ್ಮನೂ ಇರಬೇಕು.”

ಅವಳ ಉಮೇದುವಾರಿ ಕೊಡಲು ಗಂಡಹೆಂಡತಿ ಮಾನ್ವಿಗೆ ಹೋದರು. ಎಲ್ಲ ಮುಗಿದ ಮೇಲೆ ಗದ್ದೆಪ್ಪ ಮೇಜಿನ ಹಿಂದೆ ಕೂತವನಿಗೆ ಕೈಮುಗಿದು ಕೇಳಿದ: “ಸಾಹೇಬ್ರ, ಈಗ ನಮ್ಮ ಸೀಮಿ ಯಾವುದ್ರಿ?”

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಎರಡೂ ಊರು ಈಗ ಒಂದೇ, ನಡುವೆ ಗಡಿಗಿಡಿ ಏನೂ ಇಲ್ಲ, ನಡಿ ಎಂದು ಹೇಳಿ ಮುಂದಿನವನನ್ನು ಕರೆದ.

ಹಿಂದಿನ ಬೆಂಚಿನಲ್ಲಿ ಕೂತಿದ್ದವರು ನಕ್ಕರು. ಗದ್ದೆಪ್ಪ ನಗಲಿಲ್ಲ. ಬಸ್ಸು ಕಲ್ಲೂರು ದಾಟಿತು. ಆಮೇಲೆ ಹೆಂಡತಿಗೆ ಹೇಳಿದ: “ಸೀಮಿ ದೊಡ್ಡದಾಗ್ಯಾದ, ಬಂಡಿ. ನಾ ಹಳೀ ಸೀಮಿ ಸುತ್ತಿದ್ರ ಅರ್ಧ ಕಟ್ಟಿದಂಗ ಆಗ್ತದ. ಅರ್ಧ ಕಟ್ಟಿದ ಸೀಮಿ ಬಾಗಿಲಿಲ್ಲದ ಮನಿ ಇದ್ದಂಗ. ದೇವಿ ಸುಮ್ಮಕಿರ್ತಾಳೇನು?”

“ಅದು ಸರ್ಕಾರದ ಸೀಮಿ. ದುರುಗಮ್ಮಗೂ ಅದಕೂ ಏನ್ ಸಂಬಂಧ?”

“ನೆಲ ಒಂದ ಅಲ್ಲೇನು?”

ಪಾಪದ ಮನುಷ್ಯ. ನಮ್ಮ ಎರಡೂ ಊರಲ್ಲಿ ಮಂಡಲವನ್ನು ನಿಜವೆಂದು ನಂಬಿದವನು ಅವನೊಬ್ಬನೇ. ಉಳಿದವರಿಗೆ ಅದು ಒಬ್ಬರ ಮೂಗು ಇನ್ನೊಬ್ಬರು ಕೊಯ್ಯಲು ಸಿಕ್ಕ ಕತ್ತಿ.

ಅವನು ಕಟ್ಟೆಯ ಮೇಲೆ ಈ ಮಾತೆತ್ತಿದ್ದೇ ತಡ, ಸಿದ್ದರಾಮಪ್ಪನ ಕಣ್ಣು ಹೊಳೆದವು. “ಗದ್ದೆಪ್ಪ ಹೇಳಾದು ಖರೇ ಅದ,” ಅಂದ. “ಈ ಸಲ ಚರಗ ಮಂಡಲದ ಸುತ್ತ ಹೋಗಬೇಕು. ಅರಳಗುಡ್ಡನೂ ಒಳಗ ಬರ್ಲಿ. ಅವರಿಗೂ ಚಲೋ ಆಗ್ತದ.”

ಅವನ ಮನಸ್ಸಿನಲ್ಲಿ ಇದ್ದದ್ದು ಯಾರಿಗೆ ಗೊತ್ತಾಗುವುದಿಲ್ಲ? ಅರಳಗುಡ್ಡದ ನೆಲದಲ್ಲಿ ನಮ್ಮ ದೇವಿಯ ಚರಗ ಬಿದ್ದರೆ ಓಟಿಗೆ ಮೊದಲೇ ಅವರು ಸೋತಂತೆ. ನಮ್ಮ ಗಂಡಸರು ಹೋ ಎಂದು ಕೂಗಿದರು. ಸುಟ್ಟ ಬಣವೆಯ ಮಾರೆಪ್ಪ ಬೆರಳಿದ್ದ ಎಡಗೈಯಲ್ಲೇ ಕೊಡಲಿ ಎತ್ತಿ ಕುಣಿದ. ಹಿಂಜರಿದವನಿಗೆ ಬಳೆ ತೊಟ್ಟುಕೋ ಅಂದರು.

ಬಂಡೆಮ್ಮ ಸುದ್ದಿ ಕೇಳಿದವಳೇ ಹಳ್ಳ ದಾಟಿ ತಮ್ಮನ ಮನೆಗೆ ಹೋದಳು. ಕನಕರಾಯ ಅಂಗಳದಲ್ಲಿ ಕೂತು ಕೊಡಲಿ ಮಸೆಯುತ್ತಿದ್ದ. ಅಕ್ಕನನ್ನು ನೋಡಿ ಎದ್ದು ಕಾಲಿಗೆ ನೀರು ಕೊಟ್ಟ, ಮತ್ತೆ ಕೂತು ಮಸೆದ.

“ಲೇ ಕನಕಾ, ಅದನ್ನ ಬಾಜೂಕ ಇಡು. ನಿಮ್ಮ ಮಾವ ಹುಚ್ಚ ಅದಾನ. ಅವಗ ಯಾರ ಮ್ಯಾಲೂ ಸಿಟ್ಟಿಲ್ಲ. ದೇವಿ ಕೆಲಸ ಅಂತ ಬರ್ತಾನ.”

“ಮಾವ ನನಗ ತಂದಿ ಇದ್ದಂಗ, ಅಕ್ಕಾ. ನಾಳೆ ಮನಿಗಿ ಬಂದ್ರ ತೊಡಿ ಮ್ಯಾಲ ಕುಂಡ್ರಿಸ್ಕೊಂಡು ಉಣಿಸ್ತೀನಿ. ಬುಟ್ಟಿ ಹೊತ್ಕೊಂಡು ಆ ಕಲ್ಲ ದಾಟಿದ್ರ ಅಂವ ನನ್ನ ಮಾವ ಅಲ್ಲ. ನಾ ಬಿಟ್ರ ನನ್ನ ಬಾಜೂಕಿದ್ದಾಂವ ಬಿಡಾದಿಲ್ಲ. ನನ್ನನ್ನೂ ಬಿಡಾದಿಲ್ಲ.”

“ನನ್ನ ಮಾರಿ ನೋಡಿ ಹೇಳು.”

ಕನಕರಾಯ ಮುಖ ನೋಡಲಿಲ್ಲ. “ಮಾವಗ ಹೇಳು, ಬರಬ್ಯಾಡ ಅಂತ. ಕಾಲ ಬೀಳ್ತೀನಿ, ಹೇಳು.”

ದೇವಿಯ ಕೆಲಸದಲ್ಲಿ ಗಂಡ ತನ್ನ ಮಾತು ಕೇಳುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಅಲ್ಲಿಂದ ಬಂದವಳು ನೇರ ಸಿದ್ದರಾಮಪ್ಪನ ಮನೆಯ ಪಡಸಾಲೆಗೆ ನುಗ್ಗಿದಳು. ಗಂಡಸರ ಮುಂದೆ ಸೆರಗು ಸರಿಸದ ಹೆಣ್ಣು ಅವತ್ತು ಕೈಯೆತ್ತಿ ಮಾತಾಡಿದಳು. ಚರಗ ಕಲ್ಲಿನಿಂದಲೇ ಈಚೆ ತಿರುಗದಿದ್ದರೆ ಸೀಟು ಬಿಟ್ಟುಬಿಡುತ್ತೇನೆ, ಎರಡೂ ಓಣಿಯಲ್ಲಿ ನಿಂತು ನಿನ್ನ ಹೆಸರು ಹಿಡಿದು ಮಣ್ಣು ತೂರುತ್ತೇನೆ ಅಂದಳು. ಸಿದ್ದರಾಮಪ್ಪ ಅವಳನ್ನು ಕೂಡಿಸಿ, ನೀರು ಕೊಡಿಸಿ, ದುರುಗಮ್ಮನ ಭಂಡಾರದ ಅರಿಷಿಣ ಮುಟ್ಟಿ ಆಣೆ ಮಾಡಿದ: “ಕಲ್ಲಿಗೇ ತಿರುಗಸ್ತೀನವ್ವಾ. ನನಗೂ ಮಕ್ಕಳು ಮರಿ ಅದಾವ.” ಅವನು ಎಂಥ ಮನುಷ್ಯನೆಂದರೆ, ಅವಳು ಹೊಸ್ತಿಲು ದಾಟುವುದರೊಳಗೆ ಕಲ್ಲು ದಾಟುವಾಗ ಕೈಗೆ ಸಿಗುವಂತೆ ಹೆಚ್ಚಿನ ಕೊಡಲಿಗಳನ್ನು ಎಲ್ಲಿ ಬಚ್ಚಿಡಬೇಕೆಂದು ಆಳುಗಳಿಗೆ ಹೇಳುತ್ತಿದ್ದ. ಪಡಸಾಲೆಯ ಮೂಲೆಯಲ್ಲಿದ್ದ ನಾನೇ ಅದನ್ನು ಕಿವಿಯಾರೆ ಕೇಳಿದ್ದೇನೆ. ಆ ಮಾತನ್ನು ನಾನು ಹೋಗಿ ಅವಳಿಗೆ ಹೇಳಿದೆ. ಅವಳು ಅಳಲಿಲ್ಲ. “ಹಂಗಾರ ಕಲ್ಲಿನ ಹತ್ರ ನಾನಽ ನಿಲ್ತೀನಿ,” ಅಂದಳು.

ಮಂಗಳವಾರ ಹೊತ್ತು ಹುಟ್ಟಿ ಒಂದು ಮೊಳ ಮೇಲೆ ಬಂದಿತ್ತು. ದೇವದುರ್ಗದ ಸಂತೆಯಿಂದ ತಂದ ಕರಿ ಕುರಿಯ ಕತ್ತು ಒಂದೇ ಏಟಿಗೆ ಹಾರಿತು. ಬುಟ್ಟಿ ತುಂಬಿದರು. ಗದ್ದೆಪ್ಪ ಕಣ್ಣು ಮುಚ್ಚಿ ತಲೆ ಕೊಟ್ಟ. ಡೊಳ್ಳು ಬಡಿದದ್ದೇ ಓಟ ಕಿತ್ತ. ಹಿಂದೆ ನಾವು. ಹೊಲದ ಬದುವಿನ ಗುಂಟ, ಜಾಲಿಯ ಮುಳ್ಳಿನ ನಡುವೆ, ಹುಲಿಗ್ಯೋ ಹುಲಿಗ್ಯೋ ಎಂದು ಅವನು ಕೂಗಿದರೆ ನಾವೂ ಕೂಗುತ್ತಿದ್ದೆವು. ಯಾರೋ ಸೆರೆ ಕುಡಿದಿದ್ದರು, ಯಾರೋ ಬರೀ ಕೂಗಿಗೇ ಅಮಲೇರಿದ್ದರು. ಹಿಂದಿನಿಂದ ನೂಕಿ, ಮುಂದಿನವನ ಬೆನ್ನಿಗೆ ಕೊಡಲಿಯ ಕಾವು ತಿವಿದು, ನಡೀರಲೇ ನಡೀರಲೇ ಎಂದು ಚೀರುತ್ತ ಸಿದ್ದರಾಮಪ್ಪನ ಆಳುಗಳು ಎಲ್ಲರನ್ನೂ ಹಳ್ಳದ ಕಡೆ ಒತ್ತಿದರು.

ಕಲ್ಲು ಕಂಡಿತು. ಆಚೆ ಅರಳಗುಡ್ಡದವರು ಸಾಲುಗಟ್ಟಿ ನಿಂತಿದ್ದರು. ಎಲ್ಲರಿಗಿಂತ ಮುಂದೆ ಕನಕರಾಯ. ಕಲ್ಲಿನ ಪಕ್ಕದಲ್ಲಿ, ಎರಡೂ ಕಡೆಯವರ ನಟ್ಟನಡುವೆ, ಬಂಡೆಮ್ಮ.

ಹೆಂಗಸು ನಿಂತದ್ದನ್ನು ನೋಡಿ ನಾವು ಓಟ ನಿಲ್ಲಿಸಿದೆವು. ಗದ್ದೆಪ್ಪ ಮಾತ್ರ ಓಡುತ್ತಲೇ ಇದ್ದ. ಅವನಿಗೆ ಭಾಮೈದನ ಕೊಡಲಿಗಿಂತ ದೇವಿಯ ಭಯ ದೊಡ್ಡದು. ಬಂಡೆಮ್ಮ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಮಡಿಲಿನಂತೆ ಅಗಲ ಮಾಡಿ ಅವನ ಮುಂದೆ ಒಡ್ಡಿದಳು.

“ನನ್ನ ಉಡಿಗಿ ಹಾಕು,” ಅಂದಳು. “ನಾ ಈ ಊರಿನ ಸೊಸಿ, ಆ ಊರಿನ ಮಗಳು. ಎರಡೂ ಸೀಮಿ ನನ್ನ ಉಡಿಯಾಗ ಅದಾವ. ನನ್ನ ಉಡಿಗಿ ಹಾಕಿದ್ರ ನಿನ್ನ ದೇವಿಗಿ ಮುಟ್ತದ. ಹಾಕು, ನಿನ್ನ ಕಾಲ ಬೀಳ್ತೀನಿ.”

ಹೆಣ್ಣುಮಗಳು ಉಡಿ ಒಡ್ಡಿದರೆ ನಮ್ಮಲ್ಲಿ ಹಗೆಯವನೂ ಬರಿದೇ ಕಳಿಸುವುದಿಲ್ಲ. ಗದ್ದೆಪ್ಪನ ಕಾಲು ತಡೆದವು. ಇಷ್ಟು ವರ್ಷ ಬುಟ್ಟಿ ಹೊತ್ತು ಅವನು ನಿಂತದ್ದು ಅದೇ ಮೊದಲು. ಅವನ ಮುಖ ನಾನು ಕಂಡೆ. ಬಿಸಿಲಲ್ಲಿ ಬಹಳ ದೂರ ನಡೆದು ಬಂದವನಿಗೆ ಯಾರೋ ಕೂತುಕೋ ಎಂದಂತೆ ಇತ್ತು. ಬುಟ್ಟಿ ಬಗ್ಗಿಸಿ ಅವಳ ಉಡಿಗೆ ಚರಗ ಸುರುವಿದ. ಆಚೆ ಕನಕರಾಯ ಕೊಡಲಿಯನ್ನು ಕೆಳಗಿಳಿಸಿದ. ನಾನು ದೇವರಾಣೆಗೂ ಹೇಳುತ್ತೇನೆ, ಅವನು ಇಳಿಸಿದ.

ಅಲ್ಲಿಗೇ ಮುಗಿದುಹೋಗುತ್ತಿತ್ತು. ಆದರೆ ಹಿಂದೆ ಇದ್ದ ಸಿದ್ದರಾಮಪ್ಪನಿಗೆ ಮುಗಿಯುವುದು ಬೇಕಿರಲಿಲ್ಲ. “ಹೆಂಗಸು ಮುಟ್ಟಿ ಚರಗ ಮೈಲಿಗಿ ಮಾಡ್ಯಾಳ! ಊರ ಹಾಳಾತು! ಹೊಡೀರಲೇ ಅಕಿನ!” ಎಂದು ಅವನು ಕೂಗಿದ್ದು ಎಲ್ಲರಿಗೂ ಕೇಳಿಸಿತು. ಮೊದಲು ಒಂದು ಕಲ್ಲು ಹಾರಿ ಬಂದು ಬಂಡೆಮ್ಮನ ಹಣೆಗೆ ಬಿತ್ತು. ಅವಳು ಬೀಳಲಿಲ್ಲ, ಉಡಿಯನ್ನೂ ಬಿಡಲಿಲ್ಲ. ಮಾರೆಪ್ಪ ಎಡಗೈಯಲ್ಲಿ ಕೊಡಲಿ ಎತ್ತಿ ಅವಳ ಕಡೆ ನುಗ್ಗಿದ. ಬೆರಳಿನ ಸಿಟ್ಟು, ಬಣವೆಯ ಸಿಟ್ಟು, ಎಲ್ಲವೂ ಆ ಹೆಂಗಸಿನ ತಲೆಯ ಮೇಲೆ ಇಳಿಯುವುದಿತ್ತು.

ಅಕ್ಕನ ಮೇಲೆ ಕೊಡಲಿ ಎದ್ದದ್ದನ್ನು ಕಂಡ ಕನಕರಾಯ ಸೀಮಿಕಲ್ಲು ಹಾರಿ ಬಂದ. ಮಾರೆಪ್ಪನ ಕತ್ತಿಗೆ ಗುರಿಯಿಟ್ಟು ಬೀಸಿದ. ಅದೇ ಗಳಿಗೆಗೆ ಗದ್ದೆಪ್ಪ ಖಾಲಿ ಬುಟ್ಟಿ ಬಿಸಾಕಿ ಹೆಂಡತಿಯನ್ನು ತಬ್ಬಿ ಮರೆ ನಿಂತ. ಮಾರೆಪ್ಪನ ಕೊಡಲಿ ಗುರಿ ತಪ್ಪಿ ನೆಲಕ್ಕೆ ಬಿತ್ತು. ಕನಕರಾಯನದು ಗದ್ದೆಪ್ಪನ ಹೆಗಲಿನಿಂದ ಎದೆಗೆ ಇಳಿಯಿತು. ಕೀಲಿಟ್ಟ ಕಟ್ಟಿಗೆ ಸೀಳಿದ ಸಪ್ಪಳ ಬಂತು. ನೆತ್ತರು ಚಿಲ್ಲೆಂದು ಬಂಡೆಮ್ಮನ ಮುಖಕ್ಕೆ, ಉಡಿಗೆ, ಉಡಿಯೊಳಗಿನ ಜೋಳಕ್ಕೆ ಹಾರಿತು.

ಆಮೇಲೆ ನಡೆದದ್ದನ್ನು ಜಗಳವೆಂದು ಕರೆಯಲು ನಾಲಿಗೆ ಬರುವುದಿಲ್ಲ. ಎರಡೂ ಕಡೆಯವರು ನಾಯಿಗಳ ಹಾಗೆ ಒಬ್ಬರ ಮೇಲೊಬ್ಬರು ಬಿದ್ದರು. ಹಳ್ಳದ ನೀರಿನಲ್ಲಿ ಮುಖ ಅದುಮಿ ಹಿಡಿದರು. ಒಬ್ಬನ ಕಿವಿ ಹರಿಯಿತು, ಇನ್ನೊಬ್ಬನ ಮೊಣಕಾಲು ಕಲ್ಲಿನ ಕೆಳಗೆ ಪುಡಿಯಾಯಿತು. ಒಂದೇ ಬಾವಿಯ ಮೇಲೆ ಕೂತು ತಲೆ ಬೋಳಿಸಿಕೊಂಡ ಗೆಳೆಯರು ಕರುಳು ಕಾಣುವಂತೆ ತಿವಿದುಕೊಂಡರು. ಹಿಂದೆ ನೋಡಿದರೆ ಸಿದ್ದರಾಮಪ್ಪ ಇರಲಿಲ್ಲ. ಅವನು ಆಗಲೇ ಮಾನ್ವಿಯ ದಾರಿ ಹಿಡಿದಿದ್ದ, ಪೊಲೀಸರಿಗೆ ಮೊದಲು ಸುದ್ದಿ ಕೊಟ್ಟವನು ತಾನೇ ಎನ್ನಿಸಿಕೊಳ್ಳಲು.

ಕನಕರಾಯ ಮಾತ್ರ ಹೊಡೆದಾಡಲಿಲ್ಲ. ಕೊಡಲಿ ಕೆಳಗೆ ಹಾಕಿ, ಮಾವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ರುಮಾಲಿನಿಂದ ಎದೆಯ ಸೀಳನ್ನು ಒತ್ತಿ ಹಿಡಿದು ಹೋ ಎಂದು ಅಳುತ್ತಿದ್ದ. “ಮಾವಾ, ಕಣ್ಣ ತೆಗಿ. ನನ್ನ ಬೈ ಮಾವಾ.”

ಟ್ರ್ಯಾಕ್ಟರಿನಲ್ಲಿ ಗದ್ದೆಪ್ಪನನ್ನು ಹಾಕಿಕೊಂಡು ಮಾನ್ವಿಗೆ, ಅಲ್ಲಿ ಆಗುವುದಿಲ್ಲವೆಂದಾಗ ರಾಯಚೂರಿನ ಕಡೆಗೆ ಹೊಡೆದರು. ಬಂಡೆಮ್ಮ ಅವನ ತಲೆ ಹಿಡಿದು ಕೂತಿದ್ದಳು. ಅವಳ ಉಡಿ ಕಟ್ಟಿದಂತೆಯೇ ಇತ್ತು. ಕಲ್ಲೂರು ದಾಟುವಾಗ ಅವನು ಒಮ್ಮೆ ಕಣ್ಣು ತೆರೆದ.

“ಕಟ್ಟಿದಂಗ ಆತೇನು, ಬಂಡಿ? ಸೀಮಿ?”

“ಆತು,” ಅಂದಳು. ಹೆಂಡತಿ ಗಂಡನಿಗೆ ಹೇಳಿದ ಕಡೆಯ ಮಾತು ಅದು. ರಾಯಚೂರಿನ ಅಕ್ಕಿ ಗಿರಣಿಗಳ ಹೊಗೆ ಕಾಣುವ ಹೊತ್ತಿಗೆ ಅವನು ಹೋಗಿಬಿಟ್ಟಿದ್ದ.

ಕನಕರಾಯ ತಾನೇ ನಡೆದು ಹೋಗಿ ಪೊಲೀಸರ ಮುಂದೆ ನಿಂತ. ಅವನನ್ನು ರಾಯಚೂರಿನ ಜೈಲಿಗೆ ಹಾಕಿದರು. ಪೊಲೀಸರು ಬಂಡೆಮ್ಮನ ಸೀರೆಯನ್ನೂ ಸಾಕ್ಷಿಗೆಂದು ಒಯ್ದರು. ಅವರು ಬರುವ ಮೊದಲೇ ಅವಳು ಚರಗವನ್ನು ಗಂಡನ ಕಂಬಳಿಯ ಚೂರಿನಲ್ಲಿ ಗಂಟು ಕಟ್ಟಿ ಜಂತಿಗೆ ತೂಗುಬಿಟ್ಟಿದ್ದಳು. ತವರಿನವರು ಮಣ್ಣಿಗೆ ಬರಲು ಧೈರ್ಯ ಮಾಡಲಿಲ್ಲ. ಗಂಡನ ಊರಿನವರು ಬಂದರು, ಅವಳ ಮುಖ ನೋಡದೆ ಹೋದರು. 

ಓಟಾಯಿತು. ಬಂದೂಕು ಹಿಡಿದ ಪೊಲೀಸರ ನಡುವೆ, ಕೈಕಾಲಿಗೆ ಪಟ್ಟಿ ಕಟ್ಟಿಕೊಂಡವರೆಲ್ಲ ಕುಂಟುತ್ತ ಬಂದು ಓಟು ಹಾಕಿದರು. ಅಷ್ಟು ಓಟು ನಮ್ಮೂರಲ್ಲಿ ಹಿಂದೆಂದೂ ಬಿದ್ದಿರಲಿಲ್ಲ. ಮಂಡಲದ ಮೇಲಿನ ಪ್ರೀತಿಗೆ ಅಲ್ಲ, ಎದುರಿನವರ ಮೇಲಿನ ಹಗೆಗೆ. ಸಿದ್ದರಾಮಪ್ಪ ಗೆದ್ದ, ಪರಮಣ್ಣನೂ ಗೆದ್ದ. ಬಂಡೆಮ್ಮ ಅವಿರೋಧವಾಗಿ ಮೊದಲೇ ಆಯ್ಕೆಯಾಗಿದ್ದಳು. ಎಣಿಸಿ ನೋಡಿದರೆ ಇಬ್ಬರ ಕಡೆಯೂ ಮೆಂಬರುಗಳು ಸರಿಸಮ. ಬಂಡೆಮ್ಮನ ಕೈ ಯಾರ ಕಡೆಗೆ ಏಳುತ್ತದೋ ಅವರೇ ಪ್ರಧಾನ.

ಇಬ್ಬರೂ ಮತ್ತೆ ಅವಳ ಬಾಗಿಲಿಗೆ ಬಂದರು. ನಿನ್ನ ಗಂಡನನ್ನು ಕೊಂದ ಊರಿಗೆ ಕೈ ಎತ್ತುತ್ತೀಯಾ ಎಂದು ಸಿದ್ದರಾಮಪ್ಪ ಕೇಳಿದ. ನಿನ್ನ ಮೇಲೆ ಕಲ್ಲೆಸೆದ ಊರಿಗೆ ಎತ್ತುತ್ತೀಯಾ ಎಂದು ಪರಮಣ್ಣ ಕೇಳಿದ. ಅವಳು ಇಬ್ಬರಿಗೂ ನೀರು ಕೊಟ್ಟು ಕಳಿಸಿದಳು.

ಪ್ರಧಾನನನ್ನು ಆರಿಸುವ ದಿನ ಹೊಸ ಆಫೀಸಿನ ಕಿಟಕಿಗಳಿಗೆ ಜನ ಜೋತುಬಿದ್ದಿದ್ದರು. ನಾನೂ ಇದ್ದೆ. ಒಳಗೆ ಸುಣ್ಣದ ವಾಸನೆ, ಹೊಸ ಮೇಜು, ಹೊಸ ಕುರ್ಚಿ, ಗೋಡೆಗೆ ಗಾಂಧಿಯ ಪಟ. ಮಾನ್ವಿಯಿಂದ ಬಂದ ಅಧಿಕಾರಿ ಕೂತಿದ್ದ. ಬಂಡೆಮ್ಮ ಕಡೆಗೆ ಬಂದಳು. ಹಣೆಯ ಗಾಯ ಇನ್ನೂ ಮಾಗಿರಲಿಲ್ಲ. ಕಂಕುಳಲ್ಲಿ ಕಂಬಳಿಯ ಗಂಟು ಇತ್ತು. ಮೇಜಿನ ಮೇಲೆ ಅದನ್ನು ಇಟ್ಟು ಬಿಚ್ಚಿದಳು. ಒಣಗಿ ಕಪ್ಪಾದ ಜೋಳ.

“ಏನಮ್ಮಾ ಇದು?” ಎಂದ ಅಧಿಕಾರಿ.

“ನಿಮ್ಮ ಮಂಡಲದ ಚರಗರೀ. ನನ್ನ ಗಂಡ ಹೊತ್ತಿದ್ದು. ಇದ್ರಾಗ ಅವನ ನೆತ್ತರೂ ಅದ.” ಅವಳು ಒಂದು ಹಿಡಿ ತೆಗೆದು ಸಿದ್ದರಾಮಪ್ಪನ ಮುಂದೆ ಇಟ್ಟಳು. “ಉಣ್ಣಪಾ. ಎರಡೂ ಊರು ಒಂದು ಸೀಮಿ ಅಂದಾಂವ ನೀನಽ. ನಿನ್ನ ಸೀಮಿ ಚರಗ ಇದು. ಉಂಡ್ರ ಕೈ ಎತ್ತತೀನಿ.”

ಸಿದ್ದರಾಮಪ್ಪ ಕುರ್ಚಿಯೊಂದಿಗೆ ಹಿಂದೆ ಸರಿದ. ಮೂಗಿನ ತುದಿಯಲ್ಲಿ ಬೆವರು ಬಂದಿತ್ತು. ಇಷ್ಟು ದಿನ ದೇವಿಯ ಹೆಸರಲ್ಲಿ ಆಟ ಆಡಿದವನಿಗೆ ಒಳಗೊಳಗೆ ಅಷ್ಟು ಭಯವಿತ್ತೆಂದು ನನಗೆ ಅವತ್ತು ತಿಳಿಯಿತು. ತನ್ನ ಸೀಮೆ ತುಮ್ಮಿನಾಳವೇ, ಅದರಾಚೆ ಒಂದು ಗೇಣೂ ಅಲ್ಲ ಎಂದು ಅವನಿಗೂ ಗೊತ್ತಿತ್ತು.

ಇನ್ನೊಂದು ಹಿಡಿಯನ್ನು ಪರಮಣ್ಣನ ಮುಂದೆ ಇಟ್ಟಳು. “ನೀ ಉಣ್ಣು. ಆಫೀಸ್ ಬೇಕು, ಹೆಸರ ಬೇಕು ಅಂದಿ. ಉಂಡ್ರ ನಿನಗ ಎತ್ತತೀನಿ.”

ಪರಮಣ್ಣ ಕೈಗಳನ್ನು ಮೇಜಿನ ಕೆಳಗೆ ತೆಗೆದುಕೊಂಡ. ಅವಳು ಸಾಲಿನ ಗುಂಟ ಎಲ್ಲರ ಮುಖ ನೋಡುತ್ತ ಹೋದಳು. ಒಬ್ಬೊಬ್ಬರೂ ತಲೆ ತಗ್ಗಿಸಿದರು. ಕಿಟಕಿಯಲ್ಲಿದ್ದ ನಮ್ಮನ್ನೂ ನೋಡಿದಳು.

“ಯಾರೂ ಉಣ್ಣಾದಿಲ್ಲೇನು? ಹಂಗಾರ ಈ ಮಂಡಲದಾಗ ಯಾರ ಅದೀರಿ? ಯಾರ ಸಲುವಾಗಿ ಸತ್ತ ಅಂವ?”

 ಅವಳು ಗಂಟಿನಿಂದ ಒಂದು ಹಿಡಿ ತೆಗೆದು ತನ್ನ ಬಾಯಿಗೆ ಹಾಕಿಕೊಂಡಳು. ನಿಧಾನವಾಗಿ ಅಗಿದಳು. ಕಲ್ಲಿನಂತಾಗಿದ್ದ ಜೋಳ ಹಲ್ಲಿನ ನಡುವೆ ಕಟಕಟ ಅನ್ನುವುದು ಹೊರಗೆ ನಿಂತ ನಮಗೂ ಕೇಳಿಸಿತು.  ಆಮೇಲೆ ನುಂಗಿದಳು. ನೆತ್ತರು ಕಾರಲಿಲ್ಲ, ಅವಳಿಗೆ ಏನೂ ಆಗಲಿಲ್ಲ. ಉಳಿದದ್ದನ್ನು ಮತ್ತೆ ಗಂಟು ಕಟ್ಟಿದಳು.

ಅಧಿಕಾರಿ, ದಯವಿಟ್ಟು ಯಾರಾದರೊಬ್ಬರಿಗೆ ಕೈ ಎತ್ತಿ, ಕೆಲಸ ಮುಗಿಯಲಿ ಅಂದ. ಅವಳು ತನ್ನ ಅಂಗೈ ನೋಡಿಕೊಂಡಳು. ಅದಕ್ಕೆ ಕಪ್ಪು ಪುಡಿ ಹತ್ತಿತ್ತು.

“ಕೈ ತೊಳಿಬೇಕ್ರಿ. ನೀರ ಎಲ್ಲಿ ಅದಾವ?”

ಜವಾನ ಆ ಕಡೆ ನೋಡಿದ, ಈ ಕಡೆ ನೋಡಿದ. ಮೇಜಿತ್ತು, ಕುರ್ಚಿಯಿತ್ತು, ಬಾಗಿಲ ಮೇಲೆ ಡಾಂಬರು ಒರೆಸಿ ಮತ್ತೆ ಬರೆಸಿದ ಬೋರ್ಡಿತ್ತು. ನೀರಿರಲಿಲ್ಲ. ಅಂಗಳದ ಕೈಬೋರಿಂಗನ್ನು ಯಾರೋ ಜಗ್ಗಿದರು, ಗಾಳಿ ಬಂತು.

ಬಂಡೆಮ್ಮ ಹೊರಗೆ ಬಂದಳು. ನಾವು ದಾರಿ ಬಿಟ್ಟೆವು. ಹಳ್ಳಕ್ಕೆ ಇಳಿದು, ಸೀಮಿಕಲ್ಲಿನ ಪಕ್ಕದ ಮಡುವಿನಲ್ಲಿ ಕೂತು, ಬೆರಳು ಬೆರಳಿನ ಸಂದು ಬಿಡಿಸಿ ಕೈ ತೊಳೆದಳು. ಆಫೀಸಿನೊಳಗೆ ಎಲ್ಲರೂ ಅವಳು ಬಂದು ಕೈ ಎತ್ತುತ್ತಾಳೆಂದು ಸಂಜೆಯವರೆಗೂ ಕಾಯುತ್ತ ಕೂತಿದ್ದರು.